ಓದುಗರ ಪ್ರಶ್ನೆ: ವಾಟರ್ ಪೋಲೊ ಆಟಗಾರ ನೀರಿನಲ್ಲಿ ನಿಲ್ಲುವ ಬಗೆ

ಈ ತಿಂಗಳು ಬಂದಿರುವ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಸುತ್ತ ಇವೆ: ಆಳದ ನೀರಿನಲ್ಲಿ ಕೈಯ ನೆರವಿಲ್ಲದೆ, ಕಾಲಿನ ಬಲದಿಂದಲೇ ನಿಲ್ಲುವುದು ಹೇಗೆ? ಈಜುತ್ತಲೇ ಚೆಂಡನ್ನು ಎದುರಾಳಿಯ ಗೋಲಿಗೆ ಎಸೆಯುವ ವಾಟರ್ ಪೋಲೊ ಆಟದಲ್ಲಿ ಉಳಿದ ಎಲ್ಲ ಕೌಶಲಗಳೂ ಇದರ ಮೇಲೆಯೇ ನಿಂತಿರುವುದರಿಂದ ಬೇರೆ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡು, ಈ ಬಾರಿಯ ಪುಟಗಳನ್ನು ಇದಕ್ಕೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ನಾನು ಬೆಂಗಳೂರಿನಲ್ಲಿ ದ್ವಿತೀಯ ಪಿಯುಸಿ ಓದುತ್ತಿದ್ದೇನೆ. ಆರು ವರ್ಷಗಳಿಂದ ಫ್ರೀಸ್ಟೈಲ್ ಈಜುತ್ತಿದ್ದೇನೆ, ದಮ್ಮಿನ ತೊಂದರೆಯಿಲ್ಲ. ವಾಟರ್ ಪೋಲೊ ತಂಡ ಸೇರಿ ಎರಡು ತಿಂಗಳಾಯಿತು. ಚೆಂಡಿಗಾಗಿ ಕೈ ಎತ್ತಿದ ಅರ್ಧ ನಿಮಿಷದಲ್ಲಿ ನೀರು ಗಲ್ಲ ದಾಟಿ ಬಾಯಿಗೆ ಬರುತ್ತದೆ. ಕೋಚ್ ಸರ್ ಪ್ರತಿದಿನವೂ ‘ಸೈಕಲ್ ತುಳಿಯಬೇಡ, ಎಗ್‌ಬೀಟರ್ ಮಾಡು’ ಎನ್ನುತ್ತಾರೆ. ಎರಡಕ್ಕೂ ಇರುವ ವ್ಯತ್ಯಾಸ ನನಗೆ ಅರ್ಥವಾಗುತ್ತಿಲ್ಲ, ಸರ್.

ಉತ್ತರ: ನಿಮ್ಮ ಕೋಚ್ ಹೇಳುತ್ತಿರುವುದು ಸರಿಯಾಗಿಯೇ ಇದೆ, ಆದರೆ ಕಾರಣ ತಿಳಿಯದೆ ಅದನ್ನು ಕಾಲಿಗೆ ಇಳಿಸುವುದು ಕಷ್ಟ. ಮೊದಲು ಕೈ ಎತ್ತಿದಾಗ ಏನಾಗುತ್ತದೆ ಎಂಬುದನ್ನು ನೋಡೋಣ. ನಮ್ಮ ದೇಹದ ಸಾಂದ್ರತೆ ಹೆಚ್ಚುಕಡಿಮೆ ನೀರಿನಷ್ಟೇ ಇರುವುದರಿಂದ, ನೀರಿನೊಳಗಿರುವ ಅಂಗಗಳ ಭಾರವನ್ನು ನೀರೇ ಹೊತ್ತುಕೊಳ್ಳುತ್ತದೆ; ನೀರಿನಿಂದ ಹೊರಗೆ ಬಂದ ಭಾಗದ ತೂಕವನ್ನು ಮಾತ್ರ ನಾವು ಹೊರಬೇಕಾಗುತ್ತದೆ. 60 ಕಿಲೋ ತೂಕದವರ ತಲೆ ಸುಮಾರು ನಾಲ್ಕೂವರೆ ಕಿಲೋ ಇರುತ್ತದೆ, ಒಂದೊಂದು ತೋಳು ಸುಮಾರು 3 ಕಿಲೋ ಇರುತ್ತದೆ. ಎರಡೂ ಕೈಗಳನ್ನು ಮೇಲೆತ್ತಿದ ಕ್ಷಣವೇ ಕಾಲಿನ ಪಾಲಿಗೆ 6 ಕಿಲೋ ಅಕ್ಕಿಯ ಚೀಲ ಹೆಚ್ಚಾಗಿ ಬಂದು ಕೂತಂತಾಗುತ್ತದೆ. ಅದರ ಜೊತೆಗೆ, ಅಲ್ಲಿಯವರೆಗೆ ನೀರನ್ನು ಸವರುತ್ತ ನಿಮ್ಮನ್ನು ಎತ್ತಿ ಹಿಡಿದಿದ್ದ ಕೈಗಳ ಸಹಾಯವೂ ತಪ್ಪಿಹೋಗುತ್ತದೆ. ನೀವು ಮುಳುಗುತ್ತಿರುವುದು ದಮ್ಮು ಸಾಲದೆ ಅಲ್ಲ. ಇಷ್ಟು ದಿನ ಕೈ ಮಾಡುತ್ತಿದ್ದ ಕೆಲಸವನ್ನು ಕಾಲು ಇನ್ನೂ ಕಲಿತಿಲ್ಲ, ಅಷ್ಟೇ.

ಸೈಕಲ್ ತುಳಿತದಲ್ಲಿ ಪಾದ ಕೆಳಗೆ ಒತ್ತುವಾಗ ದೇಹ ಮೇಲೇಳುತ್ತದೆ, ಅದೇ ಪಾದವನ್ನು ಮೇಲಕ್ಕೆ ಎಳೆದುಕೊಳ್ಳುವಾಗ ದೇಹ ಕೆಳಗಿಳಿಯುತ್ತದೆ. ಗಳಿಸಿದ್ದರಲ್ಲಿ ದೊಡ್ಡ ಪಾಲು ಅಲ್ಲೇ ಕಳೆದುಹೋಗುತ್ತದೆ. ಒಮ್ಮೆ ತುಳಿದ ನೀರು ಕೆಳಮುಖವಾಗಿ ಹರಿಯತೊಡಗಿರುವುದರಿಂದ, ಅದೇ ಜಾಗದಲ್ಲಿ ಮತ್ತೆ ತುಳಿದಾಗ ಪಾದಕ್ಕೆ ಗಟ್ಟಿಯಾದ ಆಸರೆಯೂ ಸಿಗುವುದಿಲ್ಲ. ಊರಿನ ಬಾವಿ, ಕೆರೆಗಳಲ್ಲಿ ಈಜು ಕಲಿತವರು ನಿಂತು ಈಜುವಾಗ ಹೀಗೆಯೇ ಕಾಲಾಡಿಸುತ್ತಾರೆ. ನೀರಿನಲ್ಲಿ ನಿಂತು ಮಾತಾಡಲು ಅದು ಧಾರಾಳವಾಗಿ ಸಾಕು. ಎದುರಾಳಿ ಬೆನ್ನಿಗೆ ಒರಗಿ ಒತ್ತುತ್ತಿರುವಾಗ ಚೆಂಡು ಹಿಡಿಯಲು ಸಾಲದು.

ಎಗ್‌ಬೀಟರ್‌ನಲ್ಲಿ ಪಾದ ನೀರನ್ನು ಕೆಳಗೆ ತುಳಿಯುವುದಿಲ್ಲ, ಅಡ್ಡಲಾಗಿ ಸವರುತ್ತದೆ. ಅಡ್ಡಲಾಗಿ ಸವರಿದರೆ ದೇಹ ಮೇಲೇಳುವುದು ಹೇಗೆ ಎಂಬ ಸಂದೇಹ ಬಂದರೆ ತಲೆಯ ಮೇಲೆ ತಿರುಗುತ್ತಿರುವ ಫ್ಯಾನ್ ನೋಡಿ. ಅದರ ರೆಕ್ಕೆಗಳು ಸುತ್ತುವುದು ಅಡ್ಡಲಾಗಿಯೇ. ಆದರೆ ಅವು ತುಸು ಓರೆಯಾಗಿರುವುದರಿಂದ ಗಾಳಿ ಕೆಳಗೆ ಬರುತ್ತದೆ. ಹಾಗೆಯೇ ಓರೆಯಾಗಿ ಹಿಡಿದ ಅಂಗಾಲು ಸುತ್ತು ಹಾಕುತ್ತ ನೀರನ್ನು ಕೆಳಕ್ಕೆ ತಳ್ಳುತ್ತದೆ, ನೀರು ನಿಮ್ಮನ್ನು ಮೇಲಕ್ಕೆ ತಳ್ಳುತ್ತದೆ. ಮೊಟ್ಟೆ ಕಲಕುವ ಕೈಯಂತ್ರದಲ್ಲಿ ಎರಡು ತಂತಿಬುಟ್ಟಿಗಳು ಒಂದಕ್ಕೊಂದು ವಿರುದ್ಧ ದಿಕ್ಕಿಗೆ ತಿರುಗುತ್ತವೆ; ಹೆಸರು ಬಂದಿರುವುದು ಅಲ್ಲಿಂದ. ನಮ್ಮ ಮನೆಗಳ ಕಡೆಗೋಲನ್ನು ನೆನೆದುಕೊಂಡರೂ ಅಡ್ಡಿಯಿಲ್ಲ, ಆದರೆ ಇಲ್ಲಿ ಕಡೆಗೋಲು ಎರಡು, ಮತ್ತು ಒಂದೊಂದೂ ತನ್ನ ದಿಕ್ಕನ್ನು ಬದಲಿಸದೆ ಸುತ್ತುತ್ತಲೇ ಇರುತ್ತದೆ. ಮೇಲಿನಿಂದ ನೋಡಿದರೆ ಬಲಗಾಲು ಗಡಿಯಾರದ ಮುಳ್ಳಿಗೆ ವಿರುದ್ಧವಾಗಿಯೂ ಎಡಗಾಲು ಮುಳ್ಳಿನ ದಿಕ್ಕಿನಲ್ಲಿಯೂ ತಿರುಗುತ್ತಿರಬೇಕು.

ಈಗ ದೇಹದ ಭಂಗಿಗೆ ಬರೋಣ. ನೀರಿನಲ್ಲಿ ಕಂಬದಂತೆ ನೆಟ್ಟಗೆ ನಿಲ್ಲಬೇಡಿ. ಕುರ್ಚಿಯ ಮೇಲೆ ಕೂತವರಂತೆ ತೊಡೆಗಳನ್ನು ಮೇಲಕ್ಕೆ ತಂದು, ಮೊಣಕಾಲುಗಳನ್ನು ಭುಜಕ್ಕಿಂತ ಅಗಲವಾಗಿ ತೆರೆದು, ಬೆನ್ನನ್ನು ನೇರವಾಗಿಟ್ಟು, ಎದೆಯನ್ನು ಕೂದಲೆಳೆಯಷ್ಟು ಮುಂದಕ್ಕೆ ಬಾಗಿಸಿ. ಮೊಣಕಾಲುಗಳು ಆದಷ್ಟೂ ಅಲ್ಲಲ್ಲೇ ಇರಲಿ, ಅವುಗಳ ಕೆಳಗಿನ ಭಾಗ ಮಾತ್ರ ಸುತ್ತು ಹಾಕಲಿ. ಹಿಮ್ಮಡಿ ಪೃಷ್ಠದ ಹತ್ತಿರದಿಂದ ಹೊರಟು ಹೊರಕ್ಕೆ ಹೋಗುತ್ತದೆ, ಅಲ್ಲಿಂದ ಮುಂದಕ್ಕೆ, ಬಳಿಕ ಒಳಕ್ಕೆ ಬಂದು, ಮತ್ತೆ ಹಿಂದಕ್ಕೆ ಮಡಿಚಿಕೊಳ್ಳುತ್ತದೆ. ಹೊರಕ್ಕೆ ಹೋಗುವಾಗ ಪಾದವನ್ನು ಮೊಣಕಾಲಿನ ಕಡೆಗೆ ಎತ್ತಿ ಬಿಗಿಹಿಡಿದು, ಬೆರಳುಗಳನ್ನು ಹೊರಕ್ಕೆ ತಿರುಗಿಸಿರಬೇಕು. ಒಳಕ್ಕೆ ಬರುವಾಗ ಅಂಗಾಲು ಒಳಮುಖವಾಗಬೇಕು. ನೀರಿನ ಒತ್ತಡ ಅಂಗಾಲಿಗೂ ಕಣಕಾಲಿನ ಒಳಬದಿಗೂ ತಗಲುತ್ತಿರುವುದು ನಿಮಗೇ ಗೊತ್ತಾಗಬೇಕು. ಅದು ಗೊತ್ತಾಗದಿದ್ದರೆ ಕಾಲು ಎಷ್ಟು ವೇಗವಾಗಿ ತಿರುಗಿದರೂ ಪ್ರಯೋಜನವಿಲ್ಲ.

ನಿಮ್ಮ ತೊಂದರೆಯ ಮೂಲ ಇಲ್ಲೇ ಇರಬಹುದು ಎಂದು ನನಗೆ ಅನ್ನಿಸುತ್ತದೆ. ಆರು ವರ್ಷದ ಫ್ರೀಸ್ಟೈಲ್ ನಿಮ್ಮ ಪಾದಕ್ಕೆ ಬೆರಳುಗಳನ್ನು ಹಿಂದಕ್ಕೆ ಚಾಚಿ, ಕೀಲನ್ನು ಸಡಿಲ ಬಿಡುವುದನ್ನು ಕಲಿಸಿದೆ. ಎಗ್‌ಬೀಟರ್ ಕೇಳುವುದು ಅದಕ್ಕೆ ತೀರ ವಿರುದ್ಧವಾದದ್ದನ್ನು. ಒಳ್ಳೆಯ ಫ್ರೀಸ್ಟೈಲ್ ಈಜುಗಾರರು ಇದನ್ನು ಕಲಿಯಲು, ಕಪ್ಪೆಯಂತೆ ಕಾಲು ಮಡಿಚಿ ಒದೆಯುವ ಬ್ರೆಸ್ಟ್‌ಸ್ಟ್ರೋಕ್‌ನವರಿಗಿಂತ ಹೆಚ್ಚು ಕಾಲ ತೆಗೆದುಕೊಳ್ಳುವುದನ್ನು ನಾನು ಕೊಳದಲ್ಲಿ ಮತ್ತೆ ಮತ್ತೆ ಕಂಡಿದ್ದೇನೆ. ಆದ್ದರಿಂದ ಎರಡು ತಿಂಗಳಿಗೆ ಧೈರ್ಯಗೆಡಬೇಡಿ.

ವೇಗದ ಬಗ್ಗೆ ಒಂದು ಮಾತು. ಪಾದ ನೀರಿನಲ್ಲಿ ಸಾಗುವ ವೇಗ ಎರಡರಷ್ಟಾದರೆ ಸಿಗುವ ಬಲ ಸುಮಾರು ನಾಲ್ಕರಷ್ಟಾಗುತ್ತದೆ. ಇದನ್ನು ಕೇಳಿದ ಕೂಡಲೇ ಮಕ್ಕಳು ಸಣ್ಣ ಸಣ್ಣ ಸುತ್ತುಗಳನ್ನು ಗಡಿಬಿಡಿಯಿಂದ ಹಾಕತೊಡಗುತ್ತಾರೆ. ಸುತ್ತು ಚಿಕ್ಕದಾದರೆ ಪಾದಕ್ಕೆ ವೇಗ ಪಡೆಯಲು ಜಾಗವೇ ಇರುವುದಿಲ್ಲ. ದೊಡ್ಡ ಸುತ್ತು ಹಾಕಿ, ಒಳಕ್ಕೆ ಬರುವ ಭಾಗದಲ್ಲಿ ಜೋರು ಮಾಡಿ. ಕಾಲುಗಳು ಒಂದಾದ ಮೇಲೆ ಒಂದರಂತೆ, ಒಂದು ಹೊರಗಿದ್ದಾಗ ಇನ್ನೊಂದು ಒಳಗಿರುವಂತೆ ಸಾಗಿದರೆ ಎತ್ತುವ ಬಲಕ್ಕೆ ಎಲ್ಲೂ ಬಿಡುವು ಬರುವುದಿಲ್ಲ. ತಲೆ ಮೇಲೆ ಕೆಳಗೆ ಕುಣಿಯುತ್ತಿದ್ದರೆ ಎರಡೂ ಕಾಲು ಒಟ್ಟಿಗೆ ಒದೆಯುತ್ತಿವೆ ಎಂದೇ ಅರ್ಥ.

ನನ್ನ ಬಳಿ ಕಲಿಯುವವರಿಗೆ ಕೊಳದ ಗೋಡೆಯ ಟೈಲ್ಸ್ ಸಾಲನ್ನು ತೋರಿಸುತ್ತೇನೆ. ಗೋಡೆಯಿಂದ ಒಂದು ಮಾರು ದೂರದಲ್ಲಿ ಅದಕ್ಕೆ ಮುಖ ಮಾಡಿ ನಿಂತು, ಕಣ್ಣು ಯಾವ ಸಾಲಿನ ನೇರಕ್ಕಿದೆ ಎಂದು ಗುರುತಿಟ್ಟುಕೊಂಡು, 20 ಸೆಕೆಂಡು ಆ ಸಾಲನ್ನು ಬಿಡದೆ ನಿಲ್ಲಬೇಕು. ಹೋದ ಬೇಸಿಗೆಯಲ್ಲಿ ನಿಮ್ಮಂತೆಯೇ ಬಂದ ಒಬ್ಬ ಹುಡುಗನ ಕಣ್ಣು ಮೊದಲ ದಿನ ಪ್ರತಿ ಒದೆತಕ್ಕೂ ಒಂದು ಟೈಲ್ಸ್ ಮೇಲೆ ಹೋಗಿ ಒಂದು ಟೈಲ್ಸ್ ಕೆಳಗೆ ಇಳಿಯುತ್ತಿತ್ತು, ಸುತ್ತಲೂ ನೀರು ಚಿಮ್ಮುತ್ತಿತ್ತು. ಆರನೆಯ ವಾರ ಅವನು ಮಣಿಕಟ್ಟುಗಳನ್ನು ಹೊರಗಿಟ್ಟು ನಿಂತಿದ್ದಾಗ ನೀರಿನ ಮೇಲ್ಮೈ ಸದ್ದಿಲ್ಲದೆ ಸುಳಿಸುಳಿಯಾಗಿ ತಿರುಗುತ್ತಿತ್ತು, ಕಣ್ಣು ಗಾರೆಯ ಒಂದೇ ಗೆರೆಯ ಮೇಲೆ ನೆಟ್ಟಿತ್ತು. ಸದ್ದು ಮತ್ತು ಚಿಮ್ಮುವಿಕೆ ನಿಂತದ್ದೇ ಕಲಿತದ್ದರ ಗುರುತು.

ಕ್ರಮವಾಗಿ ಹೀಗೆ ಮಾಡಿ. ಮೊದಲು ಮನೆಯಲ್ಲಿ ಎತ್ತರದ ಬೆಂಚಿನ ತುದಿಯಲ್ಲಿ ಕೂತು, ಕಣ್ಣಿನಿಂದ ನೋಡುತ್ತ ಒಂದೊಂದೇ ಕಾಲನ್ನು ನಿಧಾನವಾಗಿ ಸುತ್ತಿಸಿ. ಬಳಿಕ ಕೊಳದ ಅಂಚು ಹಿಡಿದು ಒಂದು ಕಾಲು, ಆಮೇಲೆ ಎರಡೂ ಕಾಲು. ನಂತರ ಕಂಕುಳಲ್ಲಿ ಕಿಕ್‌ಬೋರ್ಡ್ (ತೇಲುವ ಹಲಗೆ) ಇಟ್ಟುಕೊಂಡು, ಅದನ್ನು ಬಿಟ್ಟ ಮೇಲೆ ಅಂಗೈಗಳಿಂದ ನೀರನ್ನು ಸವರುತ್ತ ಮಾಡಿ. ಅದು ಸಲೀಸಾದಾಗ ಬೆರಳುಗಳನ್ನು ಹೊರಗಿಡಿ, ಬಳಿಕ ಮಣಿಕಟ್ಟು, ಮೊಣಕೈ, ಕೊನೆಗೆ ಪೂರ್ತಿ ತೋಳು. 20 ಸೆಕೆಂಡು ಮಾಡಿ 40 ಸೆಕೆಂಡು ವಿಶ್ರಮಿಸುವಂತೆ ಆರು ಸಲ ಸಾಕು. ಆಕಾರ ಕೆಟ್ಟ ಮೇಲೂ ಹಟದಿಂದ ಐದು ನಿಮಿಷ ನಿಂತರೆ ಕಾಲು ಮತ್ತೆ ಸೈಕಲ್ ತುಳಿತಕ್ಕೇ ಮರಳುತ್ತದೆ, ಆ ದಿನದ ಕಲಿಕೆ ಅಲ್ಲಿಗೆ ವ್ಯರ್ಥವಾಗುತ್ತದೆ.

ಪ್ರಶ್ನೆ: ನಾನು ನಿವೃತ್ತ ರೈಲ್ವೆ ನೌಕರ. ಯೌವನದಲ್ಲಿ ಕೋಲ್ಕತ್ತದಲ್ಲಿದ್ದಾಗ ವಾಟರ್ ಪೋಲೊ ಆಡುತ್ತಿದ್ದೆ. ನಾವೆಲ್ಲ ಎರಡೂ ಕಾಲನ್ನು ಒಟ್ಟಿಗೆ, ಬ್ರೆಸ್ಟ್‌ಸ್ಟ್ರೋಕ್‌ನಂತೆ ಒದೆಯುತ್ತಿದ್ದೆವು. ಈಗ ಮೊಮ್ಮಗನ ಕೋಚ್ ಅದು ತಪ್ಪು ಎನ್ನುತ್ತಾರಂತೆ. ನಿಜವೇ?

ಉತ್ತರ: ತಪ್ಪಲ್ಲ, ಹಿರಿಯರೇ, ಅದು ಬೇರೆ ಕೆಲಸಕ್ಕೆ ಹೇಳಿದ ಒದೆತ. ಎರಡೂ ಕಾಲು ಒಟ್ಟಿಗೆ ಒದೆದಾಗ ಒಂದು ಕ್ಷಣಕ್ಕೆ ಸಿಗುವ ಎತ್ತರ ಎಗ್‌ಬೀಟರ್‌ನಲ್ಲಿ ಸಿಗುವುದಿಲ್ಲ. ಆದರೆ ಕಾಲು ಮತ್ತೆ ಮಡಿಚಿಕೊಳ್ಳುವಷ್ಟರಲ್ಲಿ ದೇಹ ಇಳಿದುಬಿಡುತ್ತದೆ, ಮತ್ತು ಆ ಇಳಿತದ ಹೊತ್ತಿನಲ್ಲಿಯೇ ಎದುರಾಳಿ ನಿಮ್ಮ ಹೆಗಲನ್ನು ಒತ್ತುತ್ತಾನೆ. ಚೆಂಡು ಕೈಯಲ್ಲಿದ್ದಾಗ ಎದುರಾಳಿಯ ಒತ್ತಡಕ್ಕೆ ಸಿಕ್ಕಿ ಅದು ನೀರಿನೊಳಗೆ ಹೋದರೆ ಫೌಲ್ ಆಗುವುದು ನಿಮ್ಮ ಮೇಲೆಯೇ. ಸಮನಾದ ಎತ್ತರದಲ್ಲಿ ನಿಂತು ಕಾಯುವುದಕ್ಕೆ ಎಗ್‌ಬೀಟರ್, ಚೆಂಡು ಎಸೆಯುವ ಅಥವಾ ತಡೆಯುವ ಕ್ಷಣಕ್ಕೆ ಜೋಡಿ ಒದೆತ ಎಂದು ಮೊಮ್ಮಗನಿಗೆ ಹೇಳಿ. ಈ ಆಟದಲ್ಲಿ ಭಾರತ 1951ರ ದೆಹಲಿ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನವನ್ನೂ, 1970ರಲ್ಲಿ ಬೆಳ್ಳಿಯನ್ನೂ, 1982ರಲ್ಲಿ ಕಂಚನ್ನೂ ಗೆದ್ದಿದೆ ಎಂಬುದನ್ನು ಇಂದಿನ ಮಕ್ಕಳಿಗೆ ತಿಳಿಸಬೇಕಾದವರು ನಿಮ್ಮಂಥ ಆಟಗಾರರೇ.

ಪ್ರಶ್ನೆ: ನಾನು ಗೋಲ್‌ಕೀಪರ್. ಮೇಲೆ ಜಿಗಿದಾಗ ಒಂದೋ ತಡವಾಗುತ್ತದೆ, ಇಲ್ಲವೇ ಹಿಂದಕ್ಕೆ ವಾಲಿ ಗೋಲಿನೊಳಗೇ ಬೀಳುತ್ತೇನೆ. ಕಾಲಿಗೆ ಬಲ ಸಾಲದೆ ಹೀಗಾಗುತ್ತಿದೆಯೇ?

ಉತ್ತರ: ಬಲಕ್ಕಿಂತ ಮೊದಲು ಕಾಯುವ ಭಂಗಿಯನ್ನು ಪರೀಕ್ಷಿಸಿಕೊಳ್ಳಿ. ಗೋಲಿನ ಅಡ್ಡಪಟ್ಟಿ ನೀರಿನಿಂದ 90 ಸೆಂಟಿಮೀಟರ್ ಎತ್ತರದಲ್ಲಿರುತ್ತದೆ, ಗೋಲಿನ ಅಗಲ 3 ಮೀಟರ್. ಇಷ್ಟು ಜಾಗವನ್ನು ಕಾಯಬೇಕಾದವರು ನೆಟ್ಟಗೆ ನಿಂತು ಕಾಯುತ್ತಿದ್ದರೆ ಸೊಂಟ ಆಳಕ್ಕೆ ಇಳಿದಿರುತ್ತದೆ, ಕಾಲು ಆಗಲೇ ಅರ್ಧ ಚಾಚಿರುತ್ತದೆ. ಚಾಚಿದ ಕಾಲಿನಲ್ಲಿ ಒದೆಯಲು ಏನೂ ಉಳಿದಿರುವುದಿಲ್ಲ. ಅದನ್ನು ಮತ್ತೆ ಮಡಿಚಿಕೊಂಡು ಒದೆಯುವಷ್ಟರಲ್ಲಿ ಚೆಂಡು ಒಳಗೆ ಹೋಗಿರುತ್ತದೆ. ತಡವಾಗುವುದಕ್ಕೆ ಕಾರಣ ಇದು. ಸೊಂಟವನ್ನು ಹಿಂದಕ್ಕೂ ಮೇಲಕ್ಕೂ ತಂದು, ಎದೆಯನ್ನು ಮುಂದಕ್ಕೆ ಬಾಗಿಸಿ, ಮೊಣಕಾಲುಗಳನ್ನು ಮಡಿಚಿಕೊಂಡು, ಅಂಗೈಗಳನ್ನು ನೀರಿನ ಮೇಲ್ಮೈಗೆ ತುಸು ಕೆಳಗೆ ಅತ್ತಿತ್ತ ಸವರುತ್ತಿರಿ. ಈ ಹೊತ್ತಿನಲ್ಲಿ ಎಗ್‌ಬೀಟರ್ ಜೋರಾಗಿರಬೇಕಾಗಿಲ್ಲ, ನಿಲ್ಲದೆ ಸಾಗುತ್ತಿದ್ದರೆ ಸಾಕು.

ಎದುರಾಳಿ ಎಸೆಯಲು ತೋಳನ್ನು ಹಿಂದಕ್ಕೆ ಕೊಂಡೊಯ್ದಾಗ ಕಾಲಿನ ವೇಗ ಹೆಚ್ಚಿಸಿ, ಚೆಂಡು ಅವನ ಕೈ ಬಿಡುವಾಗ ಅಂಗೈಗಳಿಂದ ನೀರನ್ನು ಕೆಳಗೆ ಒತ್ತುತ್ತ ಜೋಡಿ ಒದೆತ ಕೊಡಿ. ಬಲಕ್ಕೆ ಹಾರಬೇಕಾದರೆ ಎಡಗಾಲು ಹೆಚ್ಚು ತಳ್ಳಬೇಕು, ಎಡಕ್ಕಾದರೆ ಬಲಗಾಲು. ಹಿಂದಕ್ಕೆ ವಾಲುವುದು ಬಹುಮಟ್ಟಿಗೆ ಕಣ್ಣಿನ ತಪ್ಪಿನಿಂದ: ಚೆಂಡು ಎತ್ತರಕ್ಕೆ ಬರುವುದೆಂಬ ಎಣಿಕೆಯಲ್ಲಿ ಗಲ್ಲವನ್ನು ಎತ್ತುತ್ತೀರಿ, ಗಲ್ಲದ ಹಿಂದೆ ಎದೆಯೂ ಎದೆಯ ಹಿಂದೆ ಸೊಂಟವೂ ಹೋಗುತ್ತದೆ. ಗಲ್ಲವನ್ನು ಇಳಿಸಿಟ್ಟು, ಚೆಂಡಿಗೆ ಎದುರಾಗಿ ಮುಂದಕ್ಕೆ ಏಳುವುದನ್ನು ಅಭ್ಯಾಸ ಮಾಡಿ. ಇಷ್ಟಾದ ಮೇಲೂ ಎತ್ತರ ಸಾಲದಿದ್ದರೆ ಆಗ ಬಲದ ಮಾತು. ಬೈಠಕ್ ಹೊಡೆಯುವುದು ನಮ್ಮ ಗರಡಿಗಳಲ್ಲಿ ಎಂದಿನಿಂದಲೋ ಇದೆ, ಇಲ್ಲಿಯೂ ಅದು ಕೆಲಸಕ್ಕೆ ಬರುತ್ತದೆ.

ಪ್ರಶ್ನೆ: ನನ್ನ ಮಗಳಿಗೆ 13 ವರ್ಷ. ಎಗ್‌ಬೀಟರ್ ಅಭ್ಯಾಸ ಹೆಚ್ಚಾದ ಮೇಲೆ ಮೊಣಕಾಲಿನ ಒಳಬದಿಯಲ್ಲಿ ನೋವು ಎನ್ನುತ್ತಾಳೆ. ಆಟ ಬಿಡಿಸಬೇಕೇ? ತಂಡದವರು ‘ಎಲ್ಲರಿಗೂ ಮೊದಲು ನೋಯುತ್ತದೆ, ಸರಿಹೋಗುತ್ತದೆ’ ಎಂದರು.

ಉತ್ತರ: ಆಟ ಬಿಡಿಸಬೇಡಿ, ಅಮ್ಮ, ಆದರೆ ಆ ಸಮಾಧಾನದ ಮಾತನ್ನೂ ಒಪ್ಪಬೇಡಿ. ತೊಡೆಯ ಸ್ನಾಯು ದಣಿದು ನೋಯುವುದು ಸಹಜ, ಮೊಣಕಾಲಿನ ಕೀಲು ನೋಯುವುದು ಸಹಜವಲ್ಲ. ಮೊಣಕಾಲು ಮಡಿಚಿ ಬಿಚ್ಚಿಕೊಳ್ಳುವುದಕ್ಕೆ ಇರುವ ಕೀಲು, ತಿರುಚಿಕೊಳ್ಳುವ ಶಕ್ತಿ ಅದಕ್ಕೆ ಬಹಳ ಕಡಿಮೆ. ಎಗ್‌ಬೀಟರ್‌ನಲ್ಲಿ ಪಾದ ಮೊಣಕಾಲಿಗಿಂತ ಹೊರಗೆ ಹೋಗಬೇಕು, ಅದಕ್ಕೆ ಬೇಕಾದ ತಿರುವು ಸೊಂಟದ ಕೀಲಿನಿಂದ ಬರಬೇಕು. ಸೊಂಟ ಅಷ್ಟು ತಿರುಗದಿದ್ದಾಗ ಆ ಕೆಲಸ ಮೊಣಕಾಲಿನ ಮೇಲೆ ಬೀಳುತ್ತದೆ, ಒಳಬದಿಯ ಅಸ್ಥಿರಜ್ಜು (ಮೂಳೆಗಳನ್ನು ಜೋಡಿಸಿಡುವ ಪಟ್ಟಿ) ಪ್ರತಿ ಸುತ್ತಿಗೂ ಎಳೆದುಕೊಳ್ಳುತ್ತದೆ. ಬ್ರೆಸ್ಟ್‌ಸ್ಟ್ರೋಕ್ ಈಜುವವರಿಗೂ ಇದೇ ಜಾಗದಲ್ಲಿ ನೋವು ಕಾಣಿಸಿಕೊಳ್ಳುವುದು ಇದೇ ಕಾರಣಕ್ಕೆ.

ನಮ್ಮ ಮಕ್ಕಳ ವಿಷಯದಲ್ಲಿ ಒಂದು ವಿಶೇಷವನ್ನು ಗಮನಿಸಿದ್ದೇನೆ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಅಭ್ಯಾಸವಿರುವವರಿಗೆ ತೊಡೆ ಅಗಲಿಸುವುದು ಸುಲಭ, ಏಕೆಂದರೆ ಹಾಗೆ ಕೂತಾಗ ಸೊಂಟ ಹೊರಕ್ಕೆ ತಿರುಗಿರುತ್ತದೆ. ಆದರೆ ಪಾದ ಮೊಣಕಾಲಿನ ಹೊರಕ್ಕೆ ಹೋಗಲು ಸೊಂಟ ಒಳಕ್ಕೆ ತಿರುಗಬೇಕು, ಆ ತಿರುವಿಗೆ ನಮ್ಮ ದಿನನಿತ್ಯದ ಕೂರುವಿಕೆಯಲ್ಲಿ ಅವಕಾಶವೇ ಇಲ್ಲ. ಆದ್ದರಿಂದ ಬದ್ಧಕೋನಾಸನ ಒಂದನ್ನೇ ಮಾಡಿಸಿದರೆ ಸಾಲದು. ಅಂಗಾತ ಮಲಗಿ, ಪಾದಗಳನ್ನು ಸೊಂಟಕ್ಕಿಂತ ಅಗಲವಾಗಿ ಊರಿ, ಒಂದೊಂದೇ ಮೊಣಕಾಲನ್ನು ಒಳಕ್ಕೆ ನಿಧಾನವಾಗಿ ವಾಲಿಸುವುದನ್ನು ದಿನಕ್ಕೆ ಕೆಲವು ನಿಮಿಷ ಮಾಡಿಸಿ. ನೋವಿರುವಾಗ ವೀರಾಸನ ಬೇಡ.

ನೋವು ಪೂರ್ತಿ ಇಳಿಯುವವರೆಗೆ ಎಗ್‌ಬೀಟರ್ ಮತ್ತು ಬ್ರೆಸ್ಟ್‌ಸ್ಟ್ರೋಕ್ ಎರಡನ್ನೂ ನಿಲ್ಲಿಸಿ. ಕಾಲುಗಳ ನಡುವೆ ಪುಲ್‌ಬಾಯ್ (ಕಾಲನ್ನು ತೇಲಿಸಿಡುವ ಫೋಮ್ ತುಂಡು) ಇಟ್ಟುಕೊಂಡು ಕೈಯಿಂದ ಈಜಬಹುದು, ಚೆಂಡು ಎಸೆಯುವುದನ್ನು ದಡದಲ್ಲಿ ನಿಂತು ಅಭ್ಯಾಸ ಮಾಡಬಹುದು. ಊತ ಕಂಡರೆ, ಮೊಣಕಾಲು ಸಿಕ್ಕಿಹಾಕಿಕೊಂಡಂತಾದರೆ, ಕುಂಟುತ್ತಿದ್ದರೆ ಅಥವಾ ರಾತ್ರಿ ನೋವಿಗೆ ಎಚ್ಚರವಾದರೆ ಮೂಳೆತಜ್ಞರಿಗೆ ತೋರಿಸುವುದನ್ನು ಮುಂದೂಡಬೇಡಿ. ಮರಳಿ ಆರಂಭಿಸುವಾಗ ದಿನಕ್ಕೆ ಎರಡು ಮೂರು ನಿಮಿಷಗಳಿಂದ ಆರಂಭಿಸಿ, ಸುತ್ತನ್ನು ಚಿಕ್ಕದಾಗಿಟ್ಟು, ವಾರವಾರ ಸ್ವಲ್ಪ ಸ್ವಲ್ಪವೇ ಹೆಚ್ಚಿಸಲಿ. ಒಂದು ವೇಳೆ ತರಬೇತಿಯಲ್ಲಿ ಭಾರ ಹಿಡಿಸುತ್ತಿದ್ದರೆ ಅವಳಿಗೆ ಈಗ ಅದು ಬೇಡವೆಂದು ನೀವೇ ಹೋಗಿ ಸ್ಪಷ್ಟವಾಗಿ ಹೇಳಿ.

ಪ್ರಶ್ನೆ: ನೀರಿನ ಕ್ಯಾನ್ ಎತ್ತಿ ಹಿಡಿದು ಅಭ್ಯಾಸ ಮಾಡುವುದನ್ನು ನೋಡಿದೆ. ಕ್ಯಾನ್ ತುಂಬಿರಬೇಕೇ, ಖಾಲಿ ಇರಬೇಕೇ?

ಉತ್ತರ: ಖಾಲಿ ಕ್ಯಾನ್ ತೇಲುತ್ತದೆ, ಅದನ್ನು ಹಿಡಿದುಕೊಂಡರೆ ನಿಮಗೆ ಆಸರೆಯೇ ಸಿಗುತ್ತದೆ. ತುಂಬಿದ ಕ್ಯಾನ್ ನೀರಿನೊಳಗಿರುವವರೆಗೆ ಭಾರವಿಲ್ಲ, ಮೇಲೆತ್ತಿದಷ್ಟೇ ಭಾರ: 5 ಲೀಟರಿನ ಕ್ಯಾನನ್ನು ಪೂರ್ತಿ ಎತ್ತಿದರೆ 5 ಕಿಲೋ. ಅಲ್ಲಿಂದಲೇ ಆರಂಭಿಸಬೇಡಿ. ಎರಡೂ ತೋಳುಗಳನ್ನು ಬರಿಗೈಯಲ್ಲಿ 30 ಸೆಕೆಂಡು ಎತ್ತಿ ನಿಲ್ಲಲು ಬಂದ ಮೇಲೆ 1 ಲೀಟರಿನ ಬಾಟಲಿ ಹಿಡಿಯಿರಿ. 20 ಲೀಟರಿನ ದೊಡ್ಡ ಕ್ಯಾನನ್ನು ಅರ್ಧ ತುಂಬಿಸಿ ಎತ್ತುವ ಹುಡುಗರನ್ನು ಕಂಡಿದ್ದೇನೆ. ಒಳಗಿನ ನೀರು ಅತ್ತಿತ್ತ ಓಲಾಡಿ ಭುಜ ಉಳುಕುತ್ತದೆ, ಕೈ ಜಾರಿದರೆ ಪಕ್ಕದವರ ತಲೆಯ ಮೇಲೆ ಬೀಳುತ್ತದೆ. ಅದನ್ನು ಮಾಡಿ ಎಂದು ನಾನು ಯಾರಿಗೂ ಹೇಳುವುದಿಲ್ಲ.

ಪ್ರಶ್ನೆ: ನಮ್ಮ ಊರಿನ ಕೊಳ ನಾಲ್ಕೂವರೆ ಅಡಿ ಮಾತ್ರ ಆಳವಿದೆ. ಆಟದಲ್ಲಿ ತಳಕ್ಕೆ ಕಾಲೂರಲು ಬಿಡುವುದಿಲ್ಲವಂತೆ. ಹತ್ತಿರದಲ್ಲಿ ಒಂದು ಹಳೆಯ ಕಲ್ಲುಕ್ವಾರಿ ಇದೆ, ಆಳವಾದ ನೀರಿದೆ. ಅಲ್ಲಿ ಅಭ್ಯಾಸ ಮಾಡಬಹುದೇ?

ಉತ್ತರ: ಕ್ವಾರಿಗೆ ಇಳಿಯಬೇಡಿ. ಅಲ್ಲಿ ಅಂಚು ಕಡಿದಾಗಿರುತ್ತದೆ, ಹಿಡಿದುಕೊಳ್ಳಲು ಏನೂ ಇರುವುದಿಲ್ಲ, ಕಾಲಿಗೆ ಸೆಳೆತ ಬಂದರೆ ಹೊರಬರುವ ದಾರಿ ಇಲ್ಲ. ತಳಕ್ಕೆ ಕಾಲೂರುವುದು ಫೌಲ್ ಎಂಬುದು ನಿಜ. ತನ್ನ ಗೋಲಿನ ಮುಂದಿನ ಆವರಣದಲ್ಲಿರುವ ಗೋಲ್‌ಕೀಪರ್‌ಗೆ ಮಾತ್ರ ಅದರಿಂದ ವಿನಾಯಿತಿ ಇದೆ. ಆದರೆ ಕಲಿಕೆಗೆ ನಾಲ್ಕೂವರೆ ಅಡಿ ನೀರು ಸಾಕಾಗುತ್ತದೆ. ಕುರ್ಚಿಯ ಭಂಗಿಯಲ್ಲಿ ಸರಿಯಾಗಿ ಕೂತರೆ ಗಲ್ಲದಿಂದ ಪಾದದವರೆಗಿನ ಅಳತೆ ನಿಂತಾಗಿನದಕ್ಕಿಂತ ಬಹಳ ಕಡಿಮೆಯಾಗುತ್ತದೆ, ಪಾದ ತಳಕ್ಕೆ ತಗಲುವುದಿಲ್ಲ. ತಗಲುತ್ತಿದ್ದರೆ ತೊಡೆ ಇಳಿದಿದೆ ಎಂದು ಆ ತಳವೇ ನಿಮಗೆ ತಿಳಿಸುತ್ತದೆ. ಕೊಳದಲ್ಲಿ ಜೀವರಕ್ಷಕರು ಇರುವ ಹೊತ್ತಿನಲ್ಲಿಯೇ ಹೋಗಿ, ಅಂಚಿನಿಂದ ಕೈಗೆಟುಕುವ ದೂರದಲ್ಲಿ ಗೋಡೆಗೆ ಮುಖ ಮಾಡಿ ಆರಂಭಿಸಿ.